ಮೊದಲು ಮ್ಯಾಲಿನ ಗೇಟು

ಗಂಡ ಸತ್ತ ಮೇಲೆ ಜವಳಗೇರಾದ ಆದಮ್ಮ ಸಂಜೆಗೆ ನೆರೆಮನೆ ಅಂಬಿಕಾಳ ಟಿವಿ ಮುಂದೆ ಕೂಡುತ್ತಿದ್ದಳು. ಅವತ್ತಿನ ಧಾರಾವಾಹಿಯಲ್ಲಿ ಆಕಾಶದಾಗ ಹಾರೋ ಹಡಗು ಕೆಟ್ಟಿತ್ತು. ಓಡುವ ಯಂತ್ರ ನಿಲ್ಲಿಸದೆ, ರಿಪೇರಿಗೆ ಇಳಿ ಅಂತ ನಾಯಕಿ ಒಬ್ಬ ಕೂಲಿಯವನನ್ನು ಕಳಿಸಿದಳು. ಅವ ಸತ್ತ. ಉಳಿದವರು ತಲೆ ಬಾಗಿಸಿ, ದೊಡ್ಡ ತ್ಯಾಗ ಅಂದರು.

"ಎಂಥಾ ಮನಷ್ಯಾ ನೋಡಬೇ ಅತ್ತಿ," ಅಂಬಿಕಾ ಕಣ್ಣೊರಸಿಕೊಂಡಳು.

"ಎದರ ತ್ಯಾಗ? ಯಂತ್ರ ನಿಲ್ಲಿಸಿದ್ರ ಬದುಕ್ತಿದ್ದ," ಅಂದಳು ಆದಮ್ಮ.

ಅವಳ ಗಂಡ ಗದ್ದೆಪ್ಪನೂ ಹಂಗೇ ಹೋಗಿದ್ದ. ಕಾಲುವೆ ತೂಬಿಗೆ ಕಸ ಸಿಕ್ಕಿತ್ತು. ಮೇಲಿನ ಗೇಟು ಮುಚ್ಚಿದರೆ ನೀರಿನ ಪಾಳಿ ತಪ್ಪುತ್ತದೆಂದು ಹರಿಯುವ ನೀರಿಗೇ ಇಳಿಯುವುದು ಊರ ರೂಢಿ. "ಲಗೂನ ಇಳಿ" ಅಂದಾಕಿ ಆದಮ್ಮನೇ. ಇಳಿದವ ಹೆಣವಾಗಿ ಬಂದ.

ಧಾರಾವಾಹಿ ನೋಡಿದ ಮರುದಿನ ತೂಬು ಮತ್ತೆ ಕಸ ಸಿಕ್ಕಿ ಕಟ್ಟಿತು. ಅಂಬಿಕಾಳ ಗಂಡ ಹನುಮಂತು ಅಂಗಿ ಬಿಚ್ಚಿದ. ಆದಮ್ಮ ಹೋಗಿ ತೂಬಿಗೆ ಅಡ್ಡ ನಿಂತಳು.

"ಮೊದಲು ಮ್ಯಾಲಿನ ಗೇಟು ಮುಚ್ಚರಿ."

"ಪಾಳಿ ಹೋಗ್ತೈತಿ, ಸರಿಯಬೇ ಮುದುಕಿ!" ದಂಡೆಯಿಂದ ರೈತರು ಒದರಿದರು.

"ಹೋಗ್ಲಿ. ನನ್ನ ಭತ್ತನೂ ಒಣಗ್ಲಿ. ಅಂಬಿಕಾನ ಕೈಯಾಗಿನ ಬಳೆ ಒಡಿಯಾಕ ನಾ ಬಿಡಂಗಿಲ್ಲ."

ಹನುಮಂತು ಅವಳ ಮುಖ ನೋಡಿದ. ಅಂಗಿ ಹಾಕಿಕೊಂಡು ಗೇಟಿನ ಕಡೆ ನಡೆದ.