ಹಡಗಿನ ದರ, ಏಜೆಂಟನ ನಾಲಿಗೆ

ಎಪ್ಪತ್ತರ ದಶಕದ ಕೊನೆಯಲ್ಲಿ, ಮಾನ್ವಿ ಕಡೆ ಕುರಿ ಕಾಯುತ್ತಲೇ ಮುದುಕಿಯಾದ ನನ್ನ ಅವ್ವನಿಗೆ ಸಮುದ್ರ ನೋಡುವ ಆಸೆಯಾಯಿತು. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಟಿಕೆಟ್ ಏಜೆಂಟನಿದ್ದ. ಮುಂಬಯಿಯಿಂದ ಗೋವಾಕ್ಕೆ ಹೋಗುವ ಹಡಗಿನ ದರ ಕೇಳಿದಾಗ, "ಊಟ, ಮಲಗೋ ಜಾಗ ಎಲ್ಲಾ ಇದ್ರಾಗ ಬಂತ್ರೀ" ಎಂದು ಬೆಣ್ಣೆ ಹಚ್ಚಿದ.

ಮರುವಾರ ಅವ್ವನ ಜೊತೆ ನಾನು ಹಣ ತಂದಾಗ ಅದೇ ಬಾಯಿ ಬೇರೆ ಮಾತಾಡಿತು. "ಅದು ಹ್ವಾದ ವಾರದ ರೇಟ್ರೀ, ಈಗ ಏರ್ಯಾದ. ಊಟದ್ದು ಬ್ಯಾರೆ, ಮಲಗೋದು ಬ್ಯಾರೆ." ನಾಳೆ ಇನ್ನೂ ಏರುತ್ತದೆಂದು ಹೆದರಿಸಿ ಹಲ್ಲು ಕಿರಿದ. ನಾಚಿಕೆಗೆಟ್ಟ ನಗು.

ಅವ್ವ ಕೇಳಿದಳು: "ತಮ್ಮಾ, ನೀ ಯಾವಾಗಾರ ಹಡಗ ಹತ್ತೀಯೇನು?"

"ಇಲ್ಲ ಬೇ ಯವ್ವಾ."

"ಸಂತ್ಯಾಗ ಕುರಿ ಮಾರಾವ್ರೂ ಆಡಿದ ಮಾತಿಗೆ ನಿಲ್ತಾರ. ನೀ ಕಾಣದ ಹಡಗ ಮಾರಾಕತ್ತಿ, ಥೂ!"

ಮರುದಿನ ನಾವೇ ರೈಲು ಹತ್ತಿದೆವು. ಮುಂಬಯಿ ಬಂದರಿನ ಧಕ್ಕೆಯಲ್ಲಿ ಟಿಕೆಟ್ ಕೊಳ್ಳುವಾಗ ಗೊತ್ತಾಯಿತು: ದರ ಏರಿರಲೇ ಇಲ್ಲ, ಊಟ, ಮಲಗುವ ಜಾಗ ಅದರಲ್ಲೇ ಬಂತೆಂದು ಆತ ಮೊದಲು ಹೇಳಿದ್ದೂ ಸುಳ್ಳು. ಡೆಕ್ಕಿನ ಮೇಲೆ ಕಂಬಳಿ ಹಾಸಿ ಕೂತ ಅವ್ವ, ರೊಟ್ಟಿ ಕೈಯಲ್ಲೇ ಹಿಡಿದು, ತಿನ್ನುವುದನ್ನೂ ಮರೆತು ನೀರನ್ನೇ ನೋಡುತ್ತಿದ್ದಳು. ನನಗೆ ಮಾತ್ರ ಆ ಮನುಷ್ಯನ ಮೇಲಿನ ಹೇಸಿಗೆ ಗೋವಾ ಮುಟ್ಟಿದರೂ ಇಳಿಯಲಿಲ್ಲ.