ವಿಭೂತಿಯಡಿಯ ಅಂಕಿ

ಅಪ್ಪ ತೀರಿಕೊಂಡ ಮೇಲೆ ಕಾನೂನಿನ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳಬಾರದ ವಸ್ತು ಒಂದೇ ಇತ್ತು: ಅಜ್ಜನಿಂದ ಬಂದ ರಿವಾಲ್ವರ್. ಪರವಾನಗಿ ಅಪ್ಪನ ಹೆಸರಿನಲ್ಲಿತ್ತು, ಅಪ್ಪನೊಂದಿಗೆ ಅದೂ ಮುಗಿಯಿತು. ಗುಂಡಿನ ಡಬ್ಬಿಯ ಸಮೇತ ಅದನ್ನು ಗೋಕಾಕದ ಬಂದೂಕಿನ ಅಂಗಡಿಯಲ್ಲಿ ಜಮಾ ಮಾಡಿದೆ. ಅಲ್ಲಿಂದಲೇ ಯಾರಿಗಾದರೂ ಮಾರಿಬಿಡುವುದು ನನ್ನ ವಿಚಾರವಾಗಿತ್ತು. ಕುಲಗೋಡದ ಮನೆಯಲ್ಲಿ ಅವ್ವ ಒಪ್ಪಲಿಲ್ಲ.

“ಖಂಡೇನವಮಿಗೆ ಪೂಜಿ ಮಣಿ ಮ್ಯಾಲೆ ಅದು ಇರಬೇಕು. ನಿನ್ನ ಹೆಸರಿಗೆ ಮಾಡಿಸ್ಕೊ,” ಎಂದಳು. “ಪೇಪರದಾಗ ಇಷ್ಟು ವರ್ಷ ದುಡದಿ, ಅಷ್ಟೂ ಆಗೂದಿಲ್ಲೇನು ನಿನ್ನ ಕೈಲೆ?”

ಹೆಸರು ಬದಲಾಯಿಸಲು ಆಯುಧದ ಪೂರ್ಣ ವಿವರ ಬೇಕಿತ್ತು. ಹಳೆಯ ಪರವಾನಗಿಯಲ್ಲಿ ‘ಪಾಯಿಂಟ್ ಮೂವತ್ತೆಂಟು ರಿವಾಲ್ವರ್’ ಎಂದಷ್ಟೇ ಇತ್ತು. ಯಾವ ಮಾದರಿ, ಎಲ್ಲಿ ತಯಾರಾದದ್ದು, ಯಾವ ಗುಂಡಿನದು ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ತಿಳಿಯದಿರಲು ಕಾರಣವಿತ್ತು. ಅಜ್ಜ ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯವನು. ಅವನ ಕಾಲದ ಗುಂಡುಗಳೆಲ್ಲ ಬನ್ನಿ ಹಬ್ಬದಂದು ಆಕಾಶಕ್ಕೆ ಹಾರಿಸಿಯೇ ಖರ್ಚಾಗಿದ್ದವು. ಪಾಲಿಗೆ ಬಂದ ಹೊಲ ನೋಡಿಕೊಳ್ಳಲು ಅಪ್ಪ ಕುಲಗೋಡಕ್ಕೆ ಬಂದಾಗ ಖಾಲಿ ರಿವಾಲ್ವರ್ ಜೊತೆಗೆ ಬಂತು. ಪರವಾನಗಿ ತೋರಿಸಿ ಅಪ್ಪ ಹೊಸ ಗುಂಡು ಕೊಂಡ. ಆದರೆ ಆಗ ತುಂಬಿಯೂ ನೋಡಲಿಲ್ಲ, ಹಾರಿಸಿಯೂ ನೋಡಲಿಲ್ಲ. ಅಷ್ಟು ಹೊತ್ತಿಗೆ ಅದು ಆಯುಧಕ್ಕಿಂತ ಹೆಚ್ಚಾಗಿ ಪೂಜೆಯ ವಸ್ತುವಾಗಿತ್ತು.

ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಅವ್ವ ಕುಡಗೋಲು, ಕುರ್ಪಿ, ಕಬ್ಬು ಕಡಿಯುವ ಕೊಯ್ತಾಗಳ ನಡುವೆ ಅದನ್ನಿಟ್ಟು ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಹಿಂದಿನ ವರ್ಷದ ವಿಭೂತಿಯನ್ನು ಒರೆಸುವ ಪದ್ಧತಿ ಇರಲಿಲ್ಲ. ಅದರ ಮೇಲೆಯೇ ಹೊಸದು. ಎಣ್ಣೆ, ಕುಂಕುಮ, ವಿಭೂತಿ ಸೇರಿ ಕಬ್ಬಿಣದ ಮೇಲೆ ಗಾರೆಯಂತೆ ಗಟ್ಟಿಯಾಗಿತ್ತು. ನಾನು ಚಿಕ್ಕವನಿದ್ದಾಗ ಒಮ್ಮೆ ಅಪ್ಪ, “ಈ ವರ್ಷ ಎಲ್ಲಾ ಒರಸಿ ಎಣ್ಣಿ ಬಿಡ್ತೇನಿ,” ಎಂದಿದ್ದ. “ದೇವರ ಮೈ ಯಾರರೆ ಕೆರಿತಾರೇನ್ರಿ?” ಎಂದು ಅವ್ವ ಅರಿವೆ ಕಸಿದುಕೊಂಡಳು. ಅಪ್ಪ ನಕ್ಕು ಸುಮ್ಮನಾದ. ಆಗ ಅವರಿಬ್ಬರ ನಡುವೆ ಮಾತಿತ್ತು.

ನನಗೊಬ್ಬ ತಂಗಿ ಇದ್ದಳು. ಇನ್ನೂ ಶಾಲೆಗೆ ಹಾಕಿರಲಿಲ್ಲ. ಬೆಲ್ಲದ ಗಾಣ ನಡೆದಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಹುಚ್ಚುನಾಯಿ, ತಂಗಿ ಇದ್ದ ನಮ್ಮ ಅಂಗಳಕ್ಕೆ ನುಗ್ಗಿತು. ನಾನು ಮೂಡಲಗಿಯಲ್ಲಿ ಶಾಲೆಯಲ್ಲಿದ್ದೆ. ಹಾಗಾಗಿ ನಾನು ಸಾಕ್ಷಿಯಲ್ಲ. ಮುಂದಿನದೆಲ್ಲ ಅವ್ವ ಹೇಳಿದ್ದು.

ಅಪ್ಪ ಒಳಗೆ ಓಡಿ ರಿವಾಲ್ವರನ್ನೂ ಗುಂಡಿನ ಡಬ್ಬಿಯನ್ನೂ ತಂದ. ಕಟ್ಟೆಯ ಹತ್ತಿರ ಬಂದು, ಮಗಳ ಕಡೆ ಬೆನ್ನು ಮಾಡಿ, ತಲೆ ತಗ್ಗಿಸಿ ನಿಂತ. ನಿಂತೇ ಇದ್ದ. ನಾಯಿ ತಂಗಿಯ ಮುಖಕ್ಕೆ ಬಾಯಿ ಹಾಕಿತು. ಗಾಣದ ಆಳು ಕಟ್ಟಿಗೆಯಿಂದ ಹೊಡೆದು ನಾಯಿಯನ್ನು ಕೊಂದ. ಚುಚ್ಚುಮದ್ದು ಹಾಕಿಸಿದರು. ಗಾಯ ಕಣ್ಣಿನ ಪಕ್ಕದಲ್ಲಿತ್ತು, ಆಳವಾಗಿತ್ತು. ತಂಗಿ ಉಳಿಯಲಿಲ್ಲ.

“ಕೈಯಾಗ ಪಿಸ್ತೂಲಿತ್ತು. ಕೂಸು ಚೀರಾಕತ್ತಿತ್ತು. ಬೆನ್ನ ತಿರುವಿ ನಿಂತ್ರು,” ಎಂದು ಅವ್ವ ಬಂದವರಿಗೆಲ್ಲ ಹೇಳಿದಳು. ಬಂದವರು ಅಪ್ಪನನ್ನು ಕೇಳಿದರು. ಅಪ್ಪನದು ಒಂದೇ ಉತ್ತರ: “ಆಕಿ ನೋಡಿದ್ದು ಖರೆ ಐತಿ.”

ಊರಲ್ಲಿ ಮಾತು ಹಬ್ಬಿತು. “ಸಾವುಕಾರ್ರ ಪಿಸ್ತೂಲು ಊದಿನಕಡ್ಡಿ ಬೆಳಗಾಕಷ್ಟ ಐತಿ,” ಎಂದು ಬಸ್ಸಿನ ಕಟ್ಟೆಯ ಮೇಲೆ ಕೂತವರು ನಗುವುದನ್ನು ನಾನೂ ಕೇಳಿದ್ದೇನೆ.

ಆಮೇಲೆ ಅವ್ವ ಅಪ್ಪನೊಂದಿಗೆ ನೇರವಾಗಿ ಮಾತಾಡಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ಜ್ವರ ಬಂದಾಗ ಕಷಾಯ ಕಾಸಿದಳು. ಮಾತು ಮಾತ್ರ ನನ್ನ ಮೂಲಕ. “ನಿಮ್ಮ ಅಪ್ಪಗ ಹೇಳು, ಊಟಕ್ಕ ಬಡಸೇನಿ ಅಂತ.” ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತಿರುತ್ತಿದ್ದ. ನಾನು ಹೇಳುತ್ತಿದ್ದೆ. “ನಿಮ್ಮ ಅವ್ವಗ ಹೇಳು, ಬಂದೆ ಅಂತ,” ಎನ್ನುತ್ತಿದ್ದ ಅಪ್ಪ. ಒಬ್ಬರ ಮಾತನ್ನು ಕೂಡಿಸದೆ ಕಳೆಯದೆ ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ನನಗೆ ಪತ್ರಿಕೆ ಸೇರುವ ಮೊದಲೇ ರೂಢಿಯಾಗಿತ್ತು. ನಾನು ಗೋಕಾಕಕ್ಕೆ ಬಂದ ಮೇಲೆ, ಮೊಬೈಲುಗಳು ಬಂದ ಮೇಲೆ, ಅವ್ವ ಕಚೇರಿಯ ಹೊತ್ತಿಗೆ ಫೋನು ಮಾಡುತ್ತಿದ್ದಳು: “ನಿಮ್ಮ ಅಪ್ಪಗ ಹೇಳು, ಬಿಪಿ ಗುಳಿಗಿ ತಗೊಳ್ಳಾಕ.” ನಾನು ಅಪ್ಪನಿಗೆ ಫೋನು ಹಚ್ಚುತ್ತಿದ್ದೆ. ಅವನು ಪಕ್ಕದ ಕೋಣೆಯಲ್ಲಿರುತ್ತಿದ್ದ. ಅದು ಬಾರಿಸುವ ಸದ್ದು ಅವ್ವನಿಗೆ ಕೇಳುತ್ತಿತ್ತು.

ಪೂಜೆ ಮಾತ್ರ ತಪ್ಪಲಿಲ್ಲ. ಹಬ್ಬದ ಬೆಳಿಗ್ಗೆ ಅಪ್ಪ ಟ್ರಂಕಿನಿಂದ ರಿವಾಲ್ವರ್ ತೆಗೆದು ಮಣೆಯ ಮೇಲಿಟ್ಟು ಹೊರಗೆ ಹೋಗುತ್ತಿದ್ದ. ಅವ್ವ ವಿಭೂತಿ ಹಚ್ಚುತ್ತಿದ್ದಳು. “ಅದರದೇನು ತಪ್ಪು? ಹಿಡದವ್ರಿಗೆ ಧೈರ್ಯ ಇರಬೇಕು,” ಎಂದು ನನಗೆ ಹೇಳುತ್ತಿದ್ದಳು, ಹೊರಗೆ ಕೇಳುವಷ್ಟು ದನಿಯಲ್ಲಿ.

ಗೋಕಾಕದ ಅಂಗಡಿಯವರು ಮಾತಿನ ಮನುಷ್ಯ. ನಾನು ವಿವರ ಕೇಳಲು ಹೋದಾಗ ರಿವಾಲ್ವರನ್ನು ಬೆಳಕಿಗೆ ಹಿಡಿದು, “ಏನ್ರಿ ಸಾಹೇಬ್ರ, ಬಂದೂಕು ತಂದೀರೋ ಗುಡಿ ತಂದೀರೋ?” ಎಂದರು. ಎಣ್ಣೆಯಲ್ಲಿ ನೆನೆಸಿದ ಅರಿವೆಯಿಂದ ಉಜ್ಜತೊಡಗಿದರು. ಬೂದು ಬಣ್ಣದ ರಾಡಿ ಬಂತು, ಆಮೇಲೆ ಕುಂಕುಮದ ಕೆಂಪು. ಮೇಲಿನ ಪದರದಲ್ಲಿ ಅವ್ವನ ಮೂರು ಬೆರಳಿನ ಗೆರೆ ಇನ್ನೂ ಕಾಣುತ್ತಿತ್ತು. ಅದು ಮೊದಲು ಹೋಯಿತು.

ನಳಿಗೆಯ ಮೇಲೆ ಸಣ್ಣ ಅಕ್ಷರಗಳು ಎದ್ದವು. ಅವರು ಭೂತಗನ್ನಡಿ ಹಿಡಿದು ಓದಿದರು. ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಗುರುತು. ಅದರ ಪಕ್ಕದಲ್ಲಿ .38, ಮುಂದೆ .767.

“ಮೊದಲನೇದು ಗುಂಡಿನ ದಪ್ಪ. ಎರಡನೇದು ಅದರ ಹಿತ್ತಾಳಿ ಕೊಳವಿ ಎಷ್ಟು ಉದ್ದ ಇರಬೇಕು ಅನ್ನೂದು. ಮೂವತ್ತೆಂಟರಾಗ ಎರಡು ಥರಾ ಅದಾವ್ರಿ, ಗಿಡ್ಡಂದು, ಉದ್ದಂದು. ನಿಮ್ಮದು ಗಿಡ್ಡಂದು,” ಎಂದವರು ಅಪ್ಪನ ಡಬ್ಬಿ ತೆರೆದರು. ಒಂದನ್ನು ಎತ್ತಿ ಅಂಕಿಯ ಪಕ್ಕಕ್ಕೆ ಹಿಡಿದರು. “ಇವು ಉದ್ದನ್ನಾವು.”

ರಿವಾಲ್ವರಿನ ಬೆನ್ನಿನ ಕೊಂಡಿ ಬಿಚ್ಚಿ ಅದನ್ನು ನಡುವಿಗೆ ಮಡಚಿದರು. ಗುಂಡು ತುಂಬುವ ಗೂಡುಗಳು ಮೇಲೆ ಬಂದವು. ಒಂದು ಗುಂಡನ್ನು ಗೂಡಿಗೆ ಇಳಿಸಿದರು. ಅದು ಒಂದಿಷ್ಟು ಇಳಿದು ನಿಂತಿತು, ಉಗುರಿನಷ್ಟು ಹೊರಗೆ ಉಳಿಯಿತು. ಅದು ಹಾಗೆ ನಿಂತರೆ ರಿವಾಲ್ವರ್ ಮುಚ್ಚುವುದಿಲ್ಲ. ಮುಚ್ಚದಿದ್ದರೆ ಹಾರುವುದಿಲ್ಲ. ಪರವಾನಗಿಯಲ್ಲಿದ್ದದ್ದು ಸುಳ್ಳಲ್ಲ, ಕೊಂಡ ಗುಂಡೂ ಪರವಾನಗಿಗೆ ತಕ್ಕುದೇ. ಅಪ್ಪನ ಕೈಯಲ್ಲಿ ಅವೆರಡೂ ಕೂಡುವಂತಿರಲಿಲ್ಲ.

“ಜೋರು ಮಾಡಿದ್ರ?” ಎಂದೆ.

“ಮಾಡಿ ನೋಡ್ಯಾರಲ್ರಿ ಯಾರೋ.” ಡಬ್ಬಿಯಿಂದ ಎರಡು ಗುಂಡು ಆರಿಸಿ ನನ್ನ ಅಂಗೈಯಲ್ಲಿಟ್ಟರು. ಎರಡರದೂ ಹಿತ್ತಾಳೆಯ ಮುಂದಿನ ಅಂಚು ಸುತ್ತಲೂ ಜಜ್ಜಿ ಹೊಳೆಯುತ್ತಿತ್ತು. ಉಳಿದವು ನುಣ್ಣಗಿದ್ದವು.

“ಪೂಜಿ ಮಾಡುವಾಗ ಕೆಳಗ ಬಿದ್ದು ಆಗಿರಬಹುದಲ್ಲ?”

“ಬಿದ್ರ ಒಂದ ಕಡೆ ನೆಗ್ಗತೈತಿ. ಇದು ಸುತ್ತೂ ಕಡೆ ಐತಿ. ಗೂಡಿನ್ಯಾಗ ಇಟ್ಟು ಹೆಬ್ಬೆರಳಿಲೆ, ಇಲ್ಲಾ ಅಂದ್ರ ಅಂಗೈಲೆ ಒತ್ತ್ಯಾರ. ಭಾಳ ಒತ್ತ್ಯಾರ.”

“ಯಾವಾಗ ಅಂತ ಹೇಳಬಹುದೇನ್ರಿ?”

“ಪೇಪರನವ್ರಿಗೆ ಎಲ್ಲಾದಕ್ಕೂ ತಾರೀಖು ಬೇಕು ನೋಡ್ರಿ,” ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಇಲ್ರಿ. ಅದು ಗೊತ್ತಾಗೂದಿಲ್ಲ.”

ಒಬ್ಬ ಮನುಷ್ಯ ಕೂಡದ ಗುಂಡನ್ನು ಕೂಡಿಸಲು ಹೆಣಗುವಾಗ ಹೇಗೆ ನಿಲ್ಲುತ್ತಾನೆ ಎಂದು ನಾನು ಅಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಗುಂಡು ಇಳಿಸುವಾಗ ಅಂಗಡಿಯವರೇ ನನ್ನೆದುರು ಹಾಗೆ ನಿಂತಿದ್ದರು. ಬೆಳಕಿನ ಕಡೆ ತಿರುಗಿ, ನನಗೆ ಬೆನ್ನು ಮಾಡಿ, ತಲೆ ತಗ್ಗಿಸಿ.

ಕುಲಗೋಡದ ಬಸ್ಸಿನಲ್ಲಿ ಕೂತು ಯೋಚಿಸಿದೆ. ಹೇಳದಿದ್ದರೆ ಅಪ್ಪನಿಗೆ ಅನ್ಯಾಯ. ಹೇಳಿದರೆ ಈ ವಯಸ್ಸಿನಲ್ಲಿ ಅವ್ವ ಅದನ್ನು ಹೊರಬೇಕು. ಅಪ್ಪ ತಾನೇ ಯಾಕೆ ಹೇಳಲಿಲ್ಲ? ಹೇಳಿದ್ದರೆ, ಅಂಕಿ ಕಾಣುವಂತೆ ಒರೆಸಲು ಹೊರಟಾಗ ಅರಿವೆ ಕಸಿದುಕೊಂಡವರು ಯಾರು ಎಂಬ ಮಾತು ಮೇಲೆ ಬರುತ್ತಿತ್ತು. ಅಷ್ಟು ಮಾತ್ರ ನನಗೆ ಗೊತ್ತು. ಊಹೆಯನ್ನು ಸುದ್ದಿ ಮಾಡುವವನು ನಾನಲ್ಲ.

ಅವ್ವ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ನಾನು ಎದುರು ಕೂತು ಒಂದೊಂದಾಗಿ ಹೇಳಿದೆ. ಮೊದಲು ಅಂಕಿ, ಆಮೇಲೆ ಗುಂಡು, ಆಮೇಲೆ ಜಜ್ಜಿದ ಅಂಚು. ಅವ್ವ ಕೈ ನಿಲ್ಲಿಸಲಿಲ್ಲ.

“ಎಷ್ಟಕ್ಕ ಗುರುತು ಬಿದ್ದಾವ?”

“ಎರಡಕ್ಕ.”

“ಒಂದು ಕೂಡಲಿಲ್ಲಂತ ಇನ್ನೊಂದು ಹಾಕಿ ನೋಡ್ಯಾರ.”

“ಅವತ್ತ ಆಗಿದ್ದು ಅಂತ ಖಾತ್ರಿ ಹೇಳಾಕ ಬರೂದಿಲ್ಲ ಯವ್ವಾ.”

“ನಿನ್ನ ಖಾತ್ರಿ ನಿಮ್ಮ ಪೇಪರಕ್ಕ ಇಟ್ಕೊ.” ಈಗ ಕೈ ನಿಂತಿತು. “ಒರಸ್ತೇನಿ ಅಂದಿದ್ರು,” ಎಂದಳು. ಬತ್ತಿಗಳನ್ನು ಒಂದು ಕಡೆ ಸರಿಸಿ, “ಪಿಸ್ತೂಲು ಮನಿಗೆ ತರಬ್ಯಾಡ,” ಎಂದಳು.

ಆಯಿತು ಎಂದೆ.

ಅಪ್ಪ ಒರಗುತ್ತಿದ್ದ ಗೋಡೆಯ ಮೇಲೆ ಅವನ ತಲೆಯ ಎಣ್ಣೆಯ ಕಲೆ ಇದೆ. ಅವ್ವ ಅದರ ಕಡೆ ನೋಡದೆ ನನ್ನ ಕಡೆ ತಿರುಗಿದಳು.

“ನಿಮ್ಮ ಅಪ್ಪಗ ಹೇಳು,” ಎಂದಳು.

ನಾನು ಕಾದೆ. ಪೂರ್ತಿ ಮಾತು ಕೇಳಿಸಿಕೊಂಡ ಮೇಲೆಯೇ ಏಳುವುದು ನನ್ನ ರೂಢಿ. ಅವ್ವ ಹೊಸೆದಿಟ್ಟ ಬತ್ತಿಯೊಂದನ್ನು ಎತ್ತಿಕೊಂಡು, ಬಿಚ್ಚಿ ಅರಳೆ ಮಾಡಿ, ಮತ್ತೆ ಮೊದಲಿನಿಂದ ಹೊಸೆಯತೊಡಗಿದಳು.