ಮೂರೂವರೆ ನಿಂಬೆಹಣ್ಣಿನ ದೂರ

ಮಸ್ಕಿಯ ಟೇಲರ್ ಖಾಜಾಸಾಬ್ ಚಾಚಾ ದೂರವನ್ನು ನಿಂಬೆಹಣ್ಣಿನಲ್ಲಿ ಅಳೆಯುತ್ತಿದ್ದರು. ಬಸ್ಸು ಹತ್ತಿದರೆ ಸಾಕು, ಅವರಿಗೆ ಹೊಟ್ಟೆ ತೊಳಸಿ ವಾಂತಿ ಬರುತ್ತಿತ್ತು. ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡೇ ಕೂರಬೇಕು, ತಾಸಿಗೊಂದು ಹಣ್ಣು. ಸಿಂಧನೂರು ಒಂದು ಹಣ್ಣಿನ ದೂರ, ಲಿಂಗಸುಗೂರು ಅದರ ಮೇಲೆ ಚೂರು. ಕೊರಳಲ್ಲಿ ಸದಾ ಟೇಪು ನೇತಾಡುತ್ತಿದ್ದರೂ ಅವರ ನಂಬಿಕೆಯೆಲ್ಲ ಈ ಅಳತೆಯ ಮೇಲೆಯೇ. ನನ್ನ ಶಾಲೆಯ ಚಡ್ಡಿಯಿಂದ ಮದುವೆಯ ಸೂಟಿನವರೆಗೆ ಹೊಲಿದವರು ಅವರು. ನಾನು ಭೂಗೋಳದ ಮೇಷ್ಟ್ರಾದ ಮೇಲೂ ನನ್ನನ್ನು "ಲೇ" ಎಂದೇ ಕರೆಯುತ್ತಿದ್ದರು.

ಅವರ ಹೆಂಡತಿ ಫಾತಿಮಾಬಿ ಚಾಚಿಗೆ ಮೆಕ್ಕಾ ನೋಡಬೇಕೆಂಬುದು ಜೀವಮಾನದ ಆಸೆ. ಅಂತೂ ಉಮ್ರಾ ಯಾತ್ರೆಗೆ ಇಬ್ಬರ ವಿಮಾನದ ಟಿಕೆಟ್ಟೂ ಬಂದವು. ಹೈದರಾಬಾದಿನಿಂದ ಮೆಕ್ಕಾ ಹತ್ತಿರದ ಜೆಡ್ಡಾಕ್ಕೆ, ಅರಬ್ಬಿ ಸಮುದ್ರದ ಮೇಲೆ. ಚಾಚಾ ಮಾತ್ರ ಮನೆಯ ಮುಂದಿನ ಅಂಗಡಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

"ಹೈದರಾಬಾದಿಗೆ ಹೆಂಗರ ಹೋಗ್ತೀನಲೇ. ಕೈ ಮುಗುದ್ರ ಕಂಡಕ್ಟರ್ ಬಸ್ ನಿಲ್ಲಸ್ತಾನ. ಸಮುದ್ರದ ಮ್ಯಾಗ ಯಾವ ಸ್ಟಾಪಿನ್ಯಾಗ ಇಳೀಲಿ? ನಾಕು ಹಣ್ಣಿಗಿಂತ ಜಾಸ್ತಿ ದೂರ ಇದ್ರ ನಾ ಒಲ್ಲೆ. ನಿಮ್ಮ ಚಾಚಿ ಆಕಿ ತಮ್ಮನ ಜೋಡಿ ಹೋಗ್ಲಿ."

"ನೀವು ಬರದಿದ್ರ ನಾನೂ ಹೋಗಂಗಿಲ್ರಿ," ಎಂದರು ಬಾಗಿಲಲ್ಲಿ ನಿಂತಿದ್ದ ಚಾಚಿ. ಅವರ ಕಣ್ಣು ತುಂಬಿತ್ತು.

ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದಾರಿ, ಆರು ತಾಸಿನ ಹಾರಾಟ ಎಂದು ನನಗೆ ಗೊತ್ತಿತ್ತು. ಆದರೂ ಟಿಕೆಟ್ಟನ್ನು ಅವರ ಮುಂದೆ ಹಿಡಿದೆ.

"ನೀವೇ ನೋಡ್ರಿ ಚಾಚಾ. ಮುಂಜಾನೆ ಹತ್ತಕ್ಕ ಬಿಡ್ತೈತಿ, ಮಧ್ಯಾಹ್ನ ಒಂದೂವರಿಗೆ ಮುಟ್ತೈತಿ."

ಆ ಒಂದೂವರೆ ಜೆಡ್ಡಾದ ಗಡಿಯಾರದ್ದು, ಆಗ ಮಸ್ಕಿಯಲ್ಲಿ ನಾಲ್ಕು ಗಂಟೆಯಾಗಿರುತ್ತದೆ ಎಂಬ ಪಾಠವನ್ನು ಗಪ್ಪನೆ ನುಂಗಿಕೊಂಡೆ. ವರ್ಷ ವರ್ಷ ಮಕ್ಕಳಿಗೆ ಅದನ್ನೇ ಬೆತ್ತ ಹಿಡಿದು ಕಲಿಸುವವನು ನಾನು!

ಚಾಚಾ ಬೆರಳು ಮಡಚಿ ಎಣಿಸಿದರು. "ಅರೆ, ಮೂರೂವರಿ ಹಣ್ಣು! ಇಷ್ಟ ಏನು?" ಆಗಲೇ ಹೋಗಿ ನಾಲ್ಕು ಹಣ್ಣು ತಂದರು. "ಬಟ್ಟ್ಯಾಗ ಬಿಟ್ಟಂಗ ಅರ್ಧ ಹಣ್ಣು ಒಳಗ ಮಡಚಾಕ ಇರ್ಲಿ," ಎಂದರು. ಚಾಚಿ ನನ್ನ ಮುಖ ನೋಡಿದರು. ಆಮೇಲೆ ಸದ್ದಿಲ್ಲದೆ ಇನ್ನೂ ಮೂರು ಹಣ್ಣು ಚೀಲದ ತಳಕ್ಕೆ ಸೇರಿಸಿದರು.

ನಾಲ್ಕನೇ ಹಣ್ಣು ಮುಗಿದ ಮೇಲೂ ವಿಮಾನ ಹಾರುತ್ತಲೇ ಇತ್ತಂತೆ. ಚಾಚಿ ಐದನೆಯದನ್ನು ಕೈಗಿಟ್ಟಾಗ ಚಾಚಾಗೆ ಎಲ್ಲ ತಿಳಿಯಿತಂತೆ. ಇದು ಚಾಚಿ ಊರಿಗೆ ಮರಳಿ ಬಂದು ಹೇಳಿದ್ದು. ಚಾಚಾ ನನಗೆ ಬೈಯಲಿಲ್ಲ. ಖರ್ಜೂರ ಕೊಟ್ಟು, "ಪ್ಯಾಂಟಿನ ಬಟ್ಟಿ ತಂದ್ಕೊಡಲೇ, ಮೆಕ್ಕಾದಾಗ ನಿನಗ ದುವಾ ಮಾಡೀನಿ, ಪ್ಯಾಂಟೂ ಹೊಲೀತೀನಿ," ಎಂದರು.

ಹೊಸ ಪ್ಯಾಂಟು ಹಾಕಿಕೊಂಡು ಶಾಲೆಗೆ ಹೋದೆ. ಹುಡುಗರು ನನ್ನ ಕಾಲು ನೋಡಿ ಕಿಸಕ್ಕೆಂದರು. ಕಣಕಾಲು ಪೂರಾ ಹೊರಗೆ! ಸಂಜೆ ಅಂಗಡಿಗೆ ನುಗ್ಗಿದರೆ ಚಾಚಾ ಮಿಷನ್ ನಿಲ್ಲಿಸದೆ ಹೇಳಿದರು: "ನೀ ಎರಡೂವರಿ ತಾಸು ನುಂಗಿದಿ, ನಾ ಎರಡೂವರಿ ಇಂಚು ನುಂಗೀನಿ. ಬರೋಬರಿ ಆತು."

ಮನೆಗೆ ಬಂದು ಪ್ಯಾಂಟಿನ ಅಂಚು ತಿರುವಿ ನೋಡಿದೆ. ಆ ಎರಡೂವರೆ ಇಂಚನ್ನು ಕತ್ತರಿಸಿರಲಿಲ್ಲ, ಒಳಗೆ ಜತನವಾಗಿ ಮಡಚಿ ಹೊಲಿದಿದ್ದರು. ಬಿಚ್ಚಿದರೆ ಸರಿಯಾದ ಅಳತೆ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಮಡಿಕೆ ಬಿಚ್ಚಿಸೆಂದು ಹೆಂಡತಿ ಎಷ್ಟು ಹೇಳಿದರೂ ನಾನು ಬಿಚ್ಚಿಸಿಲ್ಲ. ಅದು ಚಾಚಾ ಹಾಕಿದ ಹೊಲಿಗೆ. ಈಗಲೂ ಆ ಗಿಡ್ಡ ಪ್ಯಾಂಟಿನಲ್ಲೇ ನಿಂತು ಮಕ್ಕಳಿಗೆ ಊರೂರಿನ ಗಡಿಯಾರದ ಪಾಠ ಮಾಡುತ್ತೇನೆ.